ಚನಬಸಪ್ಪ ಮರೆತ ಒಂದು ಕೂದಲು

ಹಳಿಯಾಳದ ಚನಬಸಪ್ಪನ ತಲೆಯ ಮೇಲೆ ನಾಲ್ಕು ಕೂದಲು ಉಳಿದಿದ್ದರೂ ಈ ಫಜೀತಿ ನಡೆಯುತ್ತಿರಲಿಲ್ಲ. ಇದು ಹಾಸ್ಯದ ಮಾತಲ್ಲ, ವಿಜ್ಞಾನದ ಮಾತು. ಕೂದಲಿದ್ದವನಿಗೆ ಬಾಚಣಿಗೆ ಹಿಡಿದಾಗಲಾದರೂ ಕೂದಲಿನ ನೆನಪಾಗುತ್ತದೆ. ಚನಬಸಪ್ಪನಿಗೆ ಆ ಪ್ರಸಂಗ ಬಂದು ಬಹಳ ವರ್ಷಗಳಾಗಿದ್ದವು. ಹೀಗಾಗಿ ಮಗಳು ಹೇಳಿದ ಮಾತಿನಲ್ಲಿ ಇದ್ದ ಎಲ್ಲವನ್ನೂ ನೆನಪಿಟ್ಟುಕೊಂಡು ಕೂದಲೊಂದನ್ನೇ ಮರೆತುಬಿಟ್ಟ.

ಚನಬಸಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರಿನಿಂದ ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಸಂಜೆಯಾದರೆ ಲೈನಿನಲ್ಲಿ ವೋಲ್ಟೇಜು ಕುಸಿಯುವ ಸೀಮೆಯಲ್ಲಿ ಈ ಕಸುಬಿಗೆ ಸಾವಿಲ್ಲ. ಮುಂಡಗೋಡ ಕಡೆಯ ತಾಂಡಾಗಳಿಂದ, ಜೋಯಿಡಾದ ಕಾಡಂಚಿನಿಂದ, ದಾಂಡೇಲಿಯ ರಿಸಾರ್ಟುಗಳಿಂದ ಮೋಟರುಗಳು ಬಂದು ಬೀಗರ ಹಾಗೆ ಅವನ ಅಂಗಡಿಯಲ್ಲಿ ಸಾಲಾಗಿ ಕುಳಿತಿರುತ್ತಿದ್ದವು. ಅಂಗಡಿ ಇದ್ದದ್ದು ಒಂದು ಓಣಿಯ ಬಾಯಲ್ಲಿ, ಮನೆ ಅದೇ ಓಣಿಯ ಕೊನೆಯಲ್ಲಿ. ನಡುವಿನ ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಎಮ್ಮೆ ಬಂದರೆ ಪಕ್ಕದ ಯಾರದಾದರೂ ಮನೆ ಹೊಕ್ಕು ಅವರ ಯೋಗಕ್ಷೇಮ ವಿಚಾರಿಸಬೇಕಾಗುತ್ತಿತ್ತು. ಎರಡೂ ಬದಿಗೆ ಗೋಡೆಗೆ ಅಂಟಿಕೊಂಡ ಕಟ್ಟೆಗಳು. ಈ ಓಣಿಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಬೇಕು, ಮುಂದೆ ಇದರಿಂದ ಕೆಲಸವಿದೆ.

ಮಗಳು ಸುಮಿತಾ ಧಾರವಾಡದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ದೀಪಾವಳಿಗೆ ಊರಿಗೆ ಬಂದಾಗ ಚನಬಸಪ್ಪ ಚಕ್ಕುಲಿ ಕಡಿಯುತ್ತ ಕೇಳಿದ, "ಅಲ್ಲವಾ, ನೀ ಅಲ್ಲಿ ದಿನಾ ಮಾಡೂದರ ಏನು?"

"ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಅಂತಪ್ಪಾ," ಅಂದಳು ಸುಮಿತಾ. "ಕೂದಲೆಳಿ ಅಷ್ಟ ಸಣ್ಣ ಗಾಜಿನ ನಳಗಿ ಇರತೈತಿ. ಅದರಾಗ ಉಪ್ಪಿನ ನೀರಿನಂಥಾದ್ದು ತುಂಬತೇವಿ. ಎರಡೂ ತುದಿಗೆ ಕರೆಂಟ್ ಕೊಟ್ರ ಒಳಗಿನ ನೀರು ತಾನ ಹರೀತೈತಿ."

"ಪಂಪು?"

"ಪಂಪ್ ಇಲ್ಲ."

ಚನಬಸಪ್ಪ ಚಕ್ಕುಲಿಯನ್ನು ತಾಟಿನಲ್ಲಿ ಇಟ್ಟ. "ಮೋಟರು?"

"ಮೋಟರೂ ಇಲ್ಲಪ್ಪಾ. ನೀರು ತಾಗಿದ ಕೂಡ್ಲೆ ಗಾಜಿನ ಗ್ವಾಡಿ ಮೈನಸ್ ಆಗತೈತಿ. ನೀರಾಗಿನ ಪ್ಲಸ್ ಕಣ ಎಲ್ಲಾ ಹೋಗಿ ಆ ಗ್ವಾಡಿಗೆ ಆತು ಕೂಡತಾವು. ಕರೆಂಟ್ ಕೊಟ್ಟಿವಿ ಅಂದ್ರ ಅವು ಮೈನಸ್ ತುದಿ ಕಡೆ ಹೊಂಟಬಿಡತಾವು. ಹೋಗೂವಾಗ ನಡುವಿನ ನೀರನ್ನೂ ಜಗ್ಗಿಕೊಂಡ ಹೋಗತಾವು."

ಚನಬಸಪ್ಪ ತಲೆಯಾಡಿಸಿದ. ಮಕ್ಕಳು ಕಲಿತದ್ದನ್ನು ಹೇಳುವಾಗ ಎಲ್ಲ ತಂದೆಯರೂ ಆಡಿಸುವಂತೆಯೇ ಆಡಿಸಿದ. ಆದರೆ ಅವನ ಮನಸ್ಸು 'ಮೋಟರೂ ಇಲ್ಲ' ಎಂಬಲ್ಲಿಯೇ ನಿಂತಿತ್ತು. ಪೂಜೆಯೇ ಇಲ್ಲದೆ ದೇವರು ವರ ಕೊಡುತ್ತಾನೆಂದು ಅರ್ಚಕನಿಗೆ ಹೇಳಿದಂತಾಗಿತ್ತು ಅವನ ಸ್ಥಿತಿ. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆಪಾಡಿನ ಚಿಂತೆಗೆ ಬೀಳುತ್ತಿದ್ದರು. ಚನಬಸಪ್ಪನಿಗೆ ಮಾತ್ರ ಎದೆ ಉಬ್ಬಿತು. ಮೋಟರು ಸುತ್ತುವವನ ಮಗಳು ಮೋಟರನ್ನೇ ಬೇಡವೆನ್ನಿಸಿದ್ದಾಳೆ!

ಅದನ್ನು ಎದೆಯೊಳಗೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಂಗಡಿಯ ಎದುರಿಗೇ ಚಹಾದಂಗಡಿ. ಚಹಾದಂಗಡಿಗೂ ಓಣಿಯ ಮನೆಗಳಿಗೂ ಹಾಲು ಹಾಕುವವನು ಸಿದ್ದಲಿಂಗ. ಅವನ ಕ್ಯಾನಿನ ಮೇಲೆ 'ಶುದ್ಧ ಎಮ್ಮೆ ಹಾಲು' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಮೂತಿಯ ಮೇಲೆ ಬೆಣ್ಣೆ ಹಚ್ಚಿ ಸಾಕಿದ ಮೀಸೆಯಿತ್ತು. ಆ ಮೀಸೆಗೆ ದಿನಕ್ಕೊಬ್ಬರನ್ನು ಕಿಚಾಯಿಸದಿದ್ದರೆ ಹೊಳಪು ಬರುತ್ತಿರಲಿಲ್ಲ.

"ಏನಣ್ಣಾ, ಸುಮಿತಾ ಇನ್ನೂ ಧಾರವಾಡದಾಗ ಬಾಟ್ಲಿ ತೊಳ್ಯಾಕತ್ತಾಳೇನ?" ಅಂದ ಸಿದ್ದಲಿಂಗ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

"ಬಾಟ್ಲಿ ಅಲ್ಲೋ ತಮ್ಮಾ," ಅಂದ ಚನಬಸಪ್ಪ. "ನನ್ನ ಮಗಳು ಪಂಪ್ ಇಲ್ಲದ ನೀರು ಹರಸ್ತಾಳ."

"ಪಂಪ್ ಇಲ್ಲದ? ಹೆಂಗ?"

"ಗಾಜಿನ ಪೈಪು. ಎರಡೂ ಕಡೆ ಕರೆಂಟ್ ಮುಟ್ಟಸೂದು. ನೀರು ತಾನ ಓಡತೈತಿ. ಅಷ್ಟ."

ಗಮನಿಸಬೇಕು, ಕೂದಲು ಬಿದ್ದುಹೋದದ್ದು ಇಲ್ಲಿಯೇ. ಸಿದ್ದಲಿಂಗನ ಬಾಯಿ ಮುಚ್ಚಿತು. ಆ ಖುಷಿಯಲ್ಲಿ ಚನಬಸಪ್ಪ ಇನ್ನೊಂದು ಚಹಾ ಹೇಳಿ, ಪೈಪು ಎಷ್ಟು ದಪ್ಪ ಎಂದು ಯಾರೋ ಕೇಳಿದ್ದಕ್ಕೆ ತನ್ನ ಮುಂಗೈ ತೋರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮಾತು ಹೋದದ್ದು ಹಾಲಿನ ಕ್ಯಾನಿನ ಜೊತೆ ಸಿದ್ದಲಿಂಗನ ಮೋಟರ್‌ಸೈಕಲ್ಲಿನ ಮೇಲೆ. ಹಾಲು ಮುಟ್ಟದ ಊರಿಗೂ ಮಾತು ಮುಟ್ಟಿತು.

ಮೊದಲು ಬಂದವನು ಮುಂಡಗೋಡ ಕಡೆಯ ತಾಂಡಾದ ಡಾಕಪ್ಪ. ಗೋವಿನಜೋಳ ಬೆಳೆಯುವ ರೈತ, ಗಟ್ಟಿ ದನಿಯ ಮನುಷ್ಯ. ಅವನ ಮೋಟರು ರಿಪೇರಿಗೆ ಬಂದು ಕುಳಿತಿತ್ತು.

"ಚನಬಸಪ್ಪಾರ, ತಂತಿ ಸುತ್ತೀರೇನು?"

"ಇವತ್ತ ಹಿಡೀತೇನ್ರಿ."

"ಹಿಡೀಬ್ಯಾಡ್ರಿ, ನಿಲ್ಲಸ್ರಿ! ನಿಮ್ಮ ಮಗಳ ಗಾಜಿನ ಪೈಪ ಬರೂವಾಗ ಇದಕ್ಯಾಕ ತಾಮ್ರ ಹಾಳ ಮಾಡೂದು? ನಮ್ಮ ಮನಿಯಾಕಿ ಕಮಲಿಬಾಯಿ ಅಂದ್ಳು, ಮೊದಲನೇ ಪೈಪು ನಮ್ಮ ಹೊಲಕ್ಕ ಹಾಕಸ್ರಿ ಅಂತ." ಹೀಗೆಂದವನೇ ಡಾಕಪ್ಪ ತನ್ನ ಮೋಟರನ್ನು ಹೆಗಲ ಮೇಲೆ ಹೊತ್ತುಕೊಂಡು ಟೆಂಪೋ ಹತ್ತಿದ.

ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಬೀಗರು ಉಣ್ಣದೆ ಎದ್ದುಹೋದಂತೆ ಮೋಟರುಗಳೆಲ್ಲ ಎದ್ದುಹೋದವು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವರನ್ನು ಜನ ಕಂಡಿದ್ದಾರೆ. ಚನಬಸಪ್ಪ ಹಾಗೆ ಮಾಡಿ, ಕಲ್ಲು ಎಷ್ಟು ಚೆನ್ನಾಗಿ ಬಿತ್ತೆಂದು ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದಿದ್ದ.

ಆಮೇಲೆ ದಾಂಡೇಲಿ ಹತ್ತಿರದ ಕೋಗಿಲಬನದಿಂದ ನಾದಿನಿ ರಾಜಶ್ರೀಯ ಫೋನು. ಕಾಳಿ ಹೊಳೆಯ ದಂಡೆಯ ಮೇಲೆ ಅವಳದೊಂದು ಹೋಮ್‌ಸ್ಟೇ ಇತ್ತು. "ಭಾವಾರ, ಹೊಳಿಯಿಂದ ನಮ್ಮ ಅಂಗಳದ ತನಕ ಒಂದ ಪೈಪ ಹಾಕಸ್ರಿ. ಗಾಜಿಂದು ಅಂದಮ್ಯಾಲೆ ನೀರು ಏರೂದು ಹೊರಗ ಕಾಣತೈತಿ ಹೌದಲ್ರಿ? ಒಳಗ ಎರಡು ಮೀನು ಬಿಡೂಣು. ಬಣ್ಣದ ಲೈಟ್ ನಾ ತಂದೇನಿ."

"ತಂದೀ?" ಅಂದ ಚನಬಸಪ್ಪ. ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು.

ಮೂರನೆಯದಾಗಿ ಖುದ್ದು ಸರಕಾರವೇ ಬಂತು. ಸರಕಾರವೆಂದರೆ ನೀರು ಸರಬರಾಜಿನ ಕಿರಿಯ ಎಂಜಿನಿಯರ್ ಲೋಕೇಶ. ಹೌದೆಂದೂ ಅನ್ನದೆ, ಅಲ್ಲವೆಂದೂ ಅನ್ನದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ಅವನು ಪಳಗಿದವನು.

"ಕೇಳಿದ್ವಿ. ಇರಬಹುದು. ಇಲ್ಲದನೂ ಇರಬಹುದು," ಅಂದ ಲೋಕೇಶ. "ಎಷ್ಟು ವೋಲ್ಟಿನ ಮ್ಯಾಲೆ ನಡೀತೈತ್ರಿ ಇದು?"

ಮಗಳು ಹೇಳಿದ್ದ ಈ ಅಂಕಿ ಚನಬಸಪ್ಪನಿಗೆ ಸರಿಯಾಗಿ ನೆನಪಿತ್ತು, ಏಕೆಂದರೆ ಅದು ಅವನ ಕಸುಬಿನ ಮಾತು. "ಮೂವತ್ತು ಸಾವಿರ."

ಲೋಕೇಶ ಹೆಲ್ಮೆಟ್ಟು ತೆಗೆದು, ಹಣೆ ಒರೆಸಿಕೊಂಡು, ಮತ್ತೆ ಹಾಕಿಕೊಂಡ. "ಸಂಜೀಕ ಇಲ್ಲಿ ಟ್ಯೂಬ್‌ಲೈಟ್ ಹತ್ತೂದಿಲ್ಲ. ಮೂವತ್ತು ಸಾವಿರ ಎಲ್ಲಿಂದ ತರೂದ್ರಿ? ಆಗೂದಿಲ್ಲ ಅಂತ ನಾ ಅನ್ನೂದಿಲ್ಲ. ಆಗತೈತಿ ಅಂತನೂ ಅನ್ನೂದಿಲ್ಲ. ಒಂದ್ಸಲ ಕಣ್ಣಾರೆ ತೋರಸ್ರಿ."

"ತೋರಸ್ತಾರ, ತೋರಸ್ತಾರ!" ಎಂದು ಎದುರಿನಿಂದ ಕೂಗಿದವನು ಸಿದ್ದಲಿಂಗ. "ಬರೂ ಐತವಾರ ಇಲ್ಲೇ ಓಣ್ಯಾಗ! ಎಲ್ಲಾರೂ ಬರ್ರಿ!"

ಆ ದಿನ ಚನಬಸಪ್ಪ ಊಟಕ್ಕೆ ಕುಳಿತವನು ರೊಟ್ಟಿಯನ್ನು ಮುರಿಯುತ್ತಲೇ ಇದ್ದ, ಬಾಯಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ನೀಲಕ್ಕ ಪಲ್ಯ ಬಡಿಸುತ್ತ ಅಂದಳು, "ಇಷ್ಟ ದಿನ ಮಂದಿ ಮೋಟರ್ ಸುಟ್ಟ ನಾವು ಉಂಡ್ವಿ. ಈಗ ನಿಮ್ಮ ನಾಲಿಗಿ ಸುಟ್ಟೈತಿ. ಇದಕ್ಕ ಯಾರು ತಂತಿ ಸುತ್ತಬೇಕು?"

"ಏನ್ ಮಾಡ್ಲೇ?"

"ತಪ್ಪಾತು ಅಂತ ಹೇಳಿಬಿಡ್ರಿ. ಅಂಗಡಿ ಉಳೀತೈತಿ."

"ಅಂಗಡಿ ಉಳೀತೈತಿ," ಅಂದ ಚನಬಸಪ್ಪ. "ಆದ್ರ ನಾ ಹೇಳಿದ್ದು ಸುಳ್ಳ ಅಂದ್ರ, ಸುಮಿ ಬಾಟ್ಲಿ ತೊಳೀತಾಳ ಅನ್ನೂದು ಖರೆ ಆಗತೈತಿ. ಅದನ್ನ ನಾ ಹೆಂಗ ಹೇಳ್ಲಿ?"

ನೀಲಕ್ಕ ಅವನ ತಾಟಿಗೆ ಇನ್ನೊಂದು ಸೌಟು ಪಲ್ಯ ಹಾಕಿದಳು. ಗಂಡನ ಮೇಲೆ ಅವಳಿಗೆ ಸಿಟ್ಟು ಎಷ್ಟು ಬಂದಿತ್ತೋ ಅಷ್ಟೇ ಪ್ರೀತಿಯೂ ಬಂದಿತ್ತು, ಹೀಗಾಗಿ ಪಲ್ಯದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು.

ಚನಬಸಪ್ಪ ಮಗಳಿಗೆ ಫೋನು ಮಾಡಿ, "ಐತವಾರ ಬಾ. ನಿನ್ನ ಆ ಪೈಪ್ ತಗೊಂಡ ಬಾ. ಒಂದ ನಾಕ ಮಂದಿ ನೋಡಬೇಕಂತಾರ," ಎಂದ. ಹಳಿಯಾಳದಲ್ಲಿ ತನ್ನ ಕೆಲಸ ನೋಡುವವರು ನಾಲ್ಕು ಮಂದಿ ಇದ್ದಾರೆಂದು ಸುಮಿತಾಳಿಗೆ ಎಲ್ಲಿಲ್ಲದ ಸಂತೋಷವಾಯಿತು.

ಐತವಾರ ಬೆಳಿಗ್ಗೆ ಧಾರವಾಡದ ಬಸ್ಸಿಳಿದು ಬಂದ ಸುಮಿತಾ ಓಣಿಯ ಬಾಯಲ್ಲೇ ನಿಂತುಬಿಟ್ಟಳು. ನಾಲ್ಕು ಮಂದಿ ಓಣಿ ತುಂಬ ನೆರೆದಿದ್ದರು. ಎರಡೂ ಬದಿಯ ಕಟ್ಟೆಗಳ ಮೇಲೆ ಭುಜಕ್ಕೆ ಭುಜ ತಾಗಿಸಿ ಹಿರಿಯರೂ ಹೆಂಗಸರೂ ಕುಳಿತಿದ್ದರು. ಚಹಾ-ಅವಲಕ್ಕಿ ಉಂಟೆಂದು ಮೊದಲೇ ವಾಸನೆ ಹಿಡಿದು ಬಂದವರು ಅವರು. ನಡುವೆ ಸಾಸಿವೆ ಹಾಕಿದರೂ ನೆಲಕ್ಕೆ ಬೀಳದಷ್ಟು ಜನ. ಡಾಕಪ್ಪ ಒಂದು ಸ್ಟೀಲಿನ ಕೊಡ ಹಿಡಿದು ನಿಂತಿದ್ದ. ಲೋಕೇಶ ಹೆಲ್ಮೆಟ್ಟಿನಲ್ಲಿದ್ದ. ಸಿದ್ದಲಿಂಗ ಮೀಸೆಗೆ ವಿಶೇಷ ಬೆಣ್ಣೆ ಹಚ್ಚಿ ಬಂದಿದ್ದ. ಚನಬಸಪ್ಪ ಗುಂಪಿನ ನಟ್ಟನಡುವೆ, ಯಾರ ಕಣ್ಣಿಗೂ ಬೀಳದಂತೆ ಕುಗ್ಗಿ ನಿಂತಿದ್ದ. ಆದರೆ ಬೋಳುತಲೆ ಬಿಸಿಲಿಗೆ ಹೊಳೆದು ಅವನ ವಿಳಾಸ ಹೇಳುತ್ತಿತ್ತು.

ಸುಮಿತಾ ಅಂಗಡಿಯ ಕಟ್ಟೆಯ ಮೇಲೆ ನಿಂತು ಚೀಲ ಬಿಚ್ಚಿದಳು. ಗಾಜಿನ ಪಟ್ಟಿಯೊಂದನ್ನು ತೆಗೆದಳು. ಚೌಕಾಕಾರದ ಸಣ್ಣ ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಸರ ಮಾಡಿದಳು; ಬರೀ ತೋರಿಸುವಷ್ಟಕ್ಕೆ ಮೂವತ್ತು ಸಾವಿರ ವೋಲ್ಟು ಬೇಕಿರಲಿಲ್ಲ. ಆಮೇಲೆ ಒಂದು ಭೂತಗನ್ನಡಿ.

"ಪೈಪ ಎಲ್ಲೈತವಾ?" ಕೇಳಿದ ಡಾಕಪ್ಪ.

"ಇಲ್ಲೇ ಐತಲ್ರಿ ಅಣ್ಣಾ, ಈ ಪಟ್ಟಿ ಮ್ಯಾಲೆ ಅಂಟಿಸೇನಿ."

ಡಾಕಪ್ಪ ಬಗ್ಗಿ ನೋಡಿದ. ಊದಲು ಹೋದ. "ಕೂದಲ ಬಿದ್ದೈತಿ ನೋಡವಾ ಇದರ ಮ್ಯಾಲೆ."

"ಅದ ಪೈಪ್ರಿ!"

ಸುಮಿತಾ ಗುಲಾಬಿ ಬಣ್ಣ ಹಾಕಿ ಬ್ಯಾಟರಿ ಮುಟ್ಟಿಸಿ, ಭೂತಗನ್ನಡಿಯನ್ನು ಡಾಕಪ್ಪನ ಕೈಗೆ ಕೊಟ್ಟಳು. ನಳಿಗೆಯೊಳಗೆ ಬಣ್ಣ ಇರುವೆಗಿಂತ ನಿಧಾನವಾಗಿ, ಆದರೆ ನಿಜವಾಗಿಯೂ ಸರಿಯುತ್ತಿತ್ತು. ಪಂಪಿರಲಿಲ್ಲ, ಮೋಟರಿರಲಿಲ್ಲ. ಮುಂಗೈ ತೋರಿಸಿದ್ದೊಂದನ್ನು ಬಿಟ್ಟರೆ ಚನಬಸಪ್ಪ ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ.

"ಹೌದ ಹೌದ, ಹೊಂಟೈತಿ!" ಅಂದ ಡಾಕಪ್ಪ. ಆಮೇಲೆ ತನ್ನ ಕೊಡವನ್ನೂ ಆ ಕೂದಲನ್ನೂ ಒಮ್ಮೆ ನೋಡಿದ. "ಈ ಕೊಡ ತುಂಬಾಕ ಎಷ್ಟೊತ್ತು ಬೇಕವಾ?"

ಸುಮಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿ, ಸುಳ್ಳು ಹೇಳಲು ಬಾರದ ಹುಡುಗಿಯಾದ್ದರಿಂದ ಇದ್ದದ್ದನ್ನೇ ಹೇಳಿದಳು. "ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನೀರು ಕುಡೀತಾರ್ರಿ ಅಣ್ಣಾ."

ಓಣಿಯ ಕಣ್ಣುಗಳೆಲ್ಲ ಬೋಳುತಲೆಯ ಕಡೆ ತಿರುಗಿದವು. "ಅಲ್ರೀ ಚನಬಸಪ್ಪಾರ!" ಎಂದು ಡಾಕಪ್ಪ ಕೊಡ ಎತ್ತಿದ. ಅದು ಸಿಟ್ಟಿನಿಂದ ಎತ್ತಿದ್ದೋ ನೀರಿಲ್ಲವೆಂದು ತೋರಿಸಲು ಎತ್ತಿದ್ದೋ ಚನಬಸಪ್ಪನಿಗೆ ತಿಳಿಯಲಿಲ್ಲ. ರಸ್ತೆಯ ಕಡೆ ಓಡಿಹೋಗುವುದೊಂದೇ ದಾರಿ ಎಂದು ಅವನು ಹೆಜ್ಜೆ ಕಿತ್ತ.

ಅದೇ ಹೊತ್ತಿಗೆ ಓಣಿಯ ಆ ತುದಿಯಿಂದ ಗಂಡನ ಮಾನ ಉಳಿಸಲು ನೀಲಕ್ಕ ಗಂಟಲು ಹರಿಯುವಂತೆ ಕೂಗಿದಳು, "ಚಾ ಆಗೇತ್ರೀ! ಅವಲಕ್ಕಿನೂ ಆಗೇತಿ! ಎಲ್ಲಾರೂ ಬರ್ರಿ!"

ಗೋಡೆ ಹಿಡಿದು ಕುಳಿತವರು ಒಮ್ಮೆಲೇ ಎದ್ದರು. ಎರಡೂ ಬದಿಗೆ ಭುಜಕ್ಕೆ ಭುಜ ತಾಗಿಸಿಕೊಂಡು ಚಹಾದ ಕಡೆ ಹೊರಟರು. ಹಿಂದಿನಿಂದ ಯಾರೂ ನೂಕಲಿಲ್ಲ. ಆದರೆ ಎರಡು ಬದಿ ನಡೆದ ಮೇಲೆ ನಡುವಿನವರು ನಿಲ್ಲುವುದಾದರೂ ಹೇಗೆ? ಓಣಿಗೆ ಓಣಿಯೇ ಸರಿಯತೊಡಗಿತು. ಚಹಾದ ಆಸೆಯಿದ್ದ ಸಿದ್ದಲಿಂಗ ಆ ಸೆಳೆತಕ್ಕೆ ತನ್ನ ಕಾಲನ್ನೂ ಸೇರಿಸಿ ಎಲ್ಲರಿಗಿಂತ ಮುಂದಾದ. ಹೋಗಬೇಕೆಂದೂ ಬೇಡವೆಂದೂ ಇರದ ಲೋಕೇಶ ನಿಂತ ಭಂಗಿಯಲ್ಲೇ ನಡುವೆ ತೇಲಿಹೋದ. ಚನಬಸಪ್ಪ ಮಾತ್ರ ರಸ್ತೆಗೆ ಮುಖಮಾಡಿ, ಮುಂದಕ್ಕೆ ಮುಂದಕ್ಕೆ ಹೆಜ್ಜೆ ಹಾಕುತ್ತ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದ. "ಬಿಡ್ರೋ, ನಾ ಆ ಕಡೆ ಹೋಗಬೇಕು!" ಎಂದು ಅವನು ಕೂಗಿದ. "ಎಲ್ಲಾರೂ ಈ ಕಡೆ ಹೊಂಟೇವ್ರೀ!" ಎಂದು ಹೊಟ್ಟೆ ಹಸಿದ ಯಾರೋ ಉತ್ತರ ಕೊಟ್ಟರು. ಕೊನೆಗೆ ಎಲ್ಲರೂ ಅಂಗಳ ಸೇರಿ ಚಹಾ ಹಿಡಿದ ಮೇಲೆ, ಎಲ್ಲರಿಗಿಂತ ಹಿಂದೆ, ಬೆನ್ನು ಮೊದಲಾಗಿ, ಚನಬಸಪ್ಪ ತನ್ನ ಮನೆಗೆ ತಾನೇ ಬಂದು ಮುಟ್ಟಿದ.

ಅಂಗಡಿಯ ಕಟ್ಟೆಯ ಮೇಲಿಂದ ಇದನ್ನು ನೋಡಿದ ಸುಮಿತಾಳಿಗೆ ನಗು ತಡೆಯಲಾಗಲಿಲ್ಲ. ಓಡಿಬಂದು ಅಂಗಳದ ತುಳಸಿಕಟ್ಟೆ ಹತ್ತಿದಳು.

"ಡಾಕಪ್ಪಣ್ಣಾ, ಆ ನಳಗಿ ಒಳಗ ಇದ ಆಗೂದ್ರಿ! ಗ್ವಾಡಿ ಹಿಡದ ಕುಂತವರು ಹೊಂಟ್ರು, ಎಲ್ಲಾರನ್ನೂ ಜಗ್ಗಿಕೊಂಡ ಬಂದ್ರು. ಪಂಪಿನಂಗ ಹಿಂದಿಂದ ನೂಕಿದ್ರ ನಡುವಿನವರು ಮುಂದ ಓಡ್ತಿದ್ರು, ದಂಡಿಯವರು ಗ್ವಾಡಿಗೆ ತಿಕ್ಕಿಕೊಂಡ ಹಿಂದ ಉಳೀತಿದ್ರು. ಇಲ್ಲಿ ಸಾಲಿಗೆ ಸಾಲ ಸಮ ಬಂತು."

"ಅಂದ್ರ ಕರೆಂಟು?" ಕೇಳಿದ ಡಾಕಪ್ಪ.

"ನಮ್ಮವ್ವನ ಚಾ!"

ಡಾಕಪ್ಪ ಕೊಡವನ್ನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕ. ಅಂಗಳ ನಕ್ಕಿತು. ಲೋಕೇಶ ನಗಬೇಕೋ ಬೇಡವೋ ಎಂದು ಅರ್ಧ ನಕ್ಕ. ನಗದೆ ಉಳಿದವನು ಚನಬಸಪ್ಪ ಒಬ್ಬನೇ. ಅವನು ಮಗಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಸುಮಿ, ನಾ ನಿನ್ನ ಮರ್ಯಾದಿ ತಗದೆನೇನವಾ?"

"ಏನಪ್ಪಾ ನೀನು! ಧಾರವಾಡದಾಗ ನಾ ಮಾತಾಡಾಕ ನಿಂತ್ರ ಕೇಳಾಕ ನಮ್ಮ ಗೈಡ್ ಒಬ್ರ ಬರತಾರ. ಅವರೂ ನಿದ್ದಿ ಮಾಡ್ತಾರ. ನನ್ನ ಸಲುವಾಗಿ ಇಷ್ಟು ಮಂದಿ ಕೂಡಿಸಿದವ ನೀ ಒಬ್ಬನ."

ಚನಬಸಪ್ಪನ ಕಣ್ಣು ತುಂಬಿ ಬಂದವು. ಅವನು ಅದಕ್ಕೆ ಒಲೆಯ ಹೊಗೆಯನ್ನು ಬೈದ. ಒಲೆ ಗ್ಯಾಸಿನದಾಗಿತ್ತು.

ಚಹಾ ಕುಡಿದು ಧೈರ್ಯ ತಂದುಕೊಂಡ ಸಿದ್ದಲಿಂಗ ಮೀಸೆ ಒರೆಸುತ್ತ ಅಂದ, "ಎಲ್ಲಾ ಖರೆವಾ. ಆದ್ರ ಇಷ್ಟೊಂದು ಖಟಪಟಿ ಮಾಡಿ ಒಂದ ಹನಿ ನೀರು ದಾಟಿಸಿ ಉಪಯೋಗ ಏನು?"

"ನೀರು ದಾಟಸೂದು ಅಲ್ರಿ ಕಾಕಾ ನಮ್ಮ ಕೆಲಸ," ಅಂದಳು ಸುಮಿತಾ. "ಈಗ ನೋಡ್ರಿ, ಎಲ್ಲಾರೂ ಒಂದ ಕಡೆ ಬಂದ್ರು. ಆದ್ರ ಚಾ ಬೇಕಾದವರು ಮೊದಲ ಬಂದ್ರು, ಎಂಜಿನಿಯರ್ ಸಾಹೇಬ್ರು ನಡುವ ಬಂದ್ರು, ಬ್ಯಾಡಾಗಿದ್ದ ನಮ್ಮಪ್ಪ ಕಡೀಕ ಬಂದ. ಹಂಗ ಒಂದ ಹನಿ ಒಳಗ ಕೂಡಿದ್ದೆಲ್ಲಾ ಬ್ಯಾರೆ ಬ್ಯಾರೆ ಆಗಿ, ಒಂದರ ಹಿಂದ ಒಂದು ತುದಿಗೆ ಬರತಾವು. ಯಾವುದು ಯಾವಾಗ ಬಂತು ಅಂತ ನೋಡಿದ್ರ ಆ ಹನಿಯಾಗ ಏನೇನೈತಿ ತಿಳೀತೈತಿ."

"ಎಂಥಾ ಹನಿ?"

"ನಂದು ಹಾಲಿಂದ್ರಿ. ಎಮ್ಮಿ ಹಾಲಿನಾಗ ಆಕಳ ಹಾಲು ಕೂಡಸ್ಯಾರೋ ಇಲ್ಲೋ ಅಂತ ಕಂಡ ಹಿಡಿಯೂದು."

ಓಣಿಯ ಕಣ್ಣುಗಳು ಬೋಳುತಲೆಯನ್ನು ಬಿಟ್ಟು ಮೀಸೆಯ ಮೇಲೆ ಬಂದು ಕುಳಿತವು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಸಿದ್ದಲಿಂಗನ ಕೈ ತಾನಾಗಿಯೇ ಹೆಗಲಿಗೆ ಹೋಯಿತು.

"ಅವ್ವಾ," ಅಂದಳು ಸುಮಿತಾ, ಏನೂ ಅರಿಯದವಳ ಹಾಗೆ. "ಇವತ್ತಿನ ಹಾಲು ಒಂದ ಚಮಚ ಒಂದ ಶೀಶೆದಾಗ ಹಾಕಿಕೊಡು. ಒಯ್ದು ನೋಡ್ತೇನಿ."

"ಇವತ್ತಿನ ಹಾಲು ಬ್ಯಾಡವಾ!" ಎಂದು ಸಿದ್ದಲಿಂಗ ತಟ್ಟನೆ ಎದ್ದು ನಿಂತ. "ಬಿಸಲಿಗೆ ಕೆಟ್ಟೈತಿ ಅದು. ನಾಳಿ ಹಾಲು ಒಯ್ಯಿ. ನಾಳಿ ನಾನ ತಂದಕೊಡತೇನಿ!"

ಅಂಗಳದಲ್ಲಿ ಎದ್ದ ನಗೆಗೆ ನೆರೆಮನೆಯ ಎಮ್ಮೆ ಹಗ್ಗ ಜಗ್ಗಿತು. ಅದು ಆ ಓಣಿಯ ಒಂದೇ ಒಂದು ನಿಜವಾದ ಎಮ್ಮೆ ಎಂದು ಆಮೇಲೆ ಜನ ಆಡಿಕೊಂಡರು.

ಮರುದಿನ ಬೆಳಿಗ್ಗೆ ಹಳಿಯಾಳದ ಚಹಾದ ಮೇಲೆ ಬೆರಳು ದಪ್ಪದ ಕೆನೆ ಕಟ್ಟಿತು. ಸುಮಿತಾ ಧಾರವಾಡಕ್ಕೆ ಹೋದ ಮೇಲೂ ಆ ಕೆನೆ ಕರಗಲಿಲ್ಲ. ಡಾಕಪ್ಪ ಮೋಟರನ್ನು ಹೊತ್ತು ತಂದು, "ಸುತ್ತರಿ, ಮೊಮ್ಮಕ್ಕಳ ತನಕ ಕಾಯಾಕ ಆಗೂದಿಲ್ಲ," ಅಂದ. ಅವನ ಹಿಂದೆ ಉಳಿದವರೂ ಬಂದರು. ಬೀಗರು ಮತ್ತೆ ಸಾಲಾಗಿ ಕುಳಿತರು. ರಾಜಶ್ರೀ ಬಣ್ಣದ ಲೈಟುಗಳನ್ನು ದಾಸವಾಳದ ಗಿಡಕ್ಕೆ ಸುತ್ತಿ ಸಮಾಧಾನ ಮಾಡಿಕೊಂಡಳು. ಚನಬಸಪ್ಪ ಮಾತ್ರ ಇನ್ನು ಮೇಲೆ ಮಗಳ ವಿಷಯದಲ್ಲಿ ತುಟಿ ಬಿಚ್ಚುವುದಿಲ್ಲವೆಂದು ನೀಲಕ್ಕನ ಎದುರಿಗೆ ವಿಭೂತಿ ಮುಟ್ಟಿ ಆಣೆ ಮಾಡಿದ.

ಆಣೆ ಇನ್ನೂ ಹಸಿಯಾಗಿದ್ದಾಗಲೇ ಜೋಯಿಡಾ ಕಡೆಯ ಹೊಸ ಗಿರಾಕಿಯೊಬ್ಬ ಮೋಟರು ಇಳಿಸಿ, ಚಹಾದಂಗಡಿಯ ಬೆಂಚಿನ ಮೇಲೆ ಚನಬಸಪ್ಪನ ಪಕ್ಕ ಕುಳಿತು, "ಮಕ್ಕಳೇನು ಮಾಡ್ತಾರ್ರಿ?" ಎಂದು ಕೇಳಿಬಿಟ್ಟ.

ಹಾಲು ಸುರಿಯುತ್ತಿದ್ದ ಸಿದ್ದಲಿಂಗನ ಕೈ ನಿಂತಿತು. ಊಟದ ಬುತ್ತಿ ತಂದಿದ್ದ ನೀಲಕ್ಕ ಓಣಿಯ ಬಾಯಲ್ಲೇ ಉಸಿರು ಹಿಡಿದು ನಿಂತಳು. ಚನಬಸಪ್ಪ ಒಮ್ಮೆ ಆಕಾಶ ನೋಡಿದ, ಒಮ್ಮೆ ನೆಲ ನೋಡಿದ. ತಡೆಯಲಾಗಲಿಲ್ಲ. ಅಭ್ಯಾಸದಂತೆ ತನ್ನ ತಲೆಯ ಮೇಲೆ ಕೈಯಾಡಿಸಿದ, ಅಲ್ಲಿ ಏನೂ ಸಿಗಲಿಲ್ಲ. ಆಮೇಲೆ ಎದ್ದು ಹೋಗಿ, ಸಿದ್ದಲಿಂಗ "ಅಯ್ಯಯ್ಯೋ!" ಅನ್ನುವುದರೊಳಗೆ ಅವನ ಮೀಸೆಯಿಂದ ಒಂದೇ ಒಂದು ಕೂದಲು ಕಿತ್ತು ತಂದು, ಗಿರಾಕಿಯ ಕಣ್ಣೆದುರಿಗೆ ಎತ್ತಿ ಹಿಡಿದ.

"ಮೊದಲ ಇದನ್ನ ನೋಡ್ರಿ," ಅಂದ. "ಉಳದದ್ದು ಆಮ್ಯಾಲೆ ಹೇಳತೇನಿ."